ತೋಳಿನಿಂದ ತೋಳಿಗೆ

"ಗುರುಗಳೇ, ನೀವು ಕಲಿಸಿದ ಹಾಡುಗಳನ್ನು ನಾನು ಇನ್ನೊಬ್ಬನಿಗೆ ಕಲಿಸಿಬಿಟ್ಟರೆ, ನನ್ನಲ್ಲಿ ಏನು ಉಳಿಯುತ್ತದೆ?"

ಶಿಷ್ಯ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಅವನ ಹಾಡು ಕೇಳಲು ದೂರದಿಂದ ಜನ ಬರುತ್ತಿದ್ದರು. ಹಿಂದಿನ ದಿನ ಒಬ್ಬ ಯುವಕ ಬಂದು ತನಗೂ ಕಲಿಸಬೇಕೆಂದು ಕೈಮುಗಿದಿದ್ದ. ಗಂಟಲು ಸರಿಯಿಲ್ಲವೆಂದು ನೆಪ ಹೇಳಿ ಶಿಷ್ಯ ಅವನನ್ನು ಸಾಗಹಾಕಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ನಕ್ಕು, ಕುಳಿತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಬಳ್ಳಾರಿ ಸೀಮೆ ಕಂಪನಿ ಸರ್ಕಾರದ ಕೈಗೆ ಬಂದ ಹೊಸತು. ಅಲ್ಲಿ ಒಬ್ಬ ಗಾಣಿಗನಿದ್ದ. ಸಿಡುಬು ಅವನ ಹಿರಿಮಗನನ್ನು ಕೊಂಡೊಯ್ದಿತ್ತು. ಉಳಿದವಳು ಒಬ್ಬಳೇ ಮಗಳು, ಚೆನ್ನಿ. ಗಾಣದ ಎತ್ತು ಕೆಮ್ಮಿದರೂ ಅವನು ಮೊದಲು ಮಗಳ ಹಣೆ ಮುಟ್ಟಿ ನೋಡುತ್ತಿದ್ದ.

ಆಗ ಸರ್ಕಾರ ಊರೂರಿಗೆ ದೇವಿ ಹಾಕುವವರನ್ನು ಕಳಿಸಿತು. ಹಸುವಿನ ಸಿಡುಬಿನ ರಸವನ್ನು ತೋಳಿಗೆ ಚುಚ್ಚಿದರೆ ಅಲ್ಲೊಂದು ಗುಳ್ಳೆ ಏಳುತ್ತದೆ, ಅಂಥವರ ಹತ್ತಿರ ಸಿಡುಬು ಸುಳಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಊರಿನವರು ನಂಬಲಿಲ್ಲ. ಬಿಳಿಯರು ಮಕ್ಕಳಿಗೆ ಮುದ್ರೆ ಒತ್ತಿ ಹಡಗು ಹತ್ತಿಸುತ್ತಾರೆ ಎಂದು ಬಾಗಿಲು ಹಾಕಿಕೊಂಡರು. ಗಾಣಿಗ ಮಾತ್ರ ಮಗಳನ್ನು ಎತ್ತಿಕೊಂಡು ಹೋದ. ಒಮ್ಮೆ ಮಗನನ್ನು ಕಳೆದುಕೊಂಡವನಿಗೆ ಗಾಳಿಮಾತು ಕೇಳಲು ಪುರುಸೊತ್ತಿರಲಿಲ್ಲ.

ಗುಳ್ಳೆ ಎದ್ದಿತು, ರಸ ತುಂಬಿಕೊಂಡಿತು. ಚೆನ್ನಿ ಹೊಸ ಬಳೆ ತೊಟ್ಟವಳ ಹಾಗೆ ತೋಳು ತೋರಿಸುತ್ತಾ ತಿರುಗಿದಳು. ಗಾಣಿಗನಿಗೆ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ದೇವಿ ಹಾಕುವವನು ಮತ್ತೆ ಬಂದ. ಅವನ ಹಿಂದೆ ಪಕ್ಕದ ಊರಿನ ನೇಕಾರರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಅವರ ಊರಿನಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ಆ ರಸವನ್ನು ಸೀಸೆಯಲ್ಲಿ ಇಟ್ಟರೆ ನಮ್ಮ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಕೂಡಲೇ ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಆ ಸುತ್ತಮುತ್ತಲೆಲ್ಲ ರಸ ಇದ್ದದ್ದು ಚೆನ್ನಿಯ ತೋಳಿನಲ್ಲಿ ಮಾತ್ರ. ನಾಳೆಗೆ ಅದು ಒಣಗುತ್ತದೆ, ಒಣಗಿದರೆ ಮುಗಿಯಿತು.

ಗಾಣಿಗ ಮಗಳ ತೋಳಿಗೆ ಬಟ್ಟೆ ಸುತ್ತಿ ಒಳಗೆ ಕೂರಿಸಿ, ಬಾಗಿಲಿಗೆ ಅಡ್ಡ ನಿಂತ. ಅವನ ಲೆಕ್ಕ ಅವನ ಕಸುಬಿನದು. ಕುಸುಬೆಯಿಂದ ಎಣ್ಣೆ ತೆಗೆದರೆ ಉಳಿಯುವುದು ಹಿಂಡಿ. ಮಗಳಿಂದ ರಸ ತೆಗೆದರೆ ಅವಳಲ್ಲಿ ಏನು ಉಳಿಯುತ್ತದೆ? ನೇಕಾರರ ಮಕ್ಕಳನ್ನು ನೋಡಿ ಅವನಿಗೆ ಮರುಕವಾಯಿತು, ಆದರೂ ಕದಲಲಿಲ್ಲ. ನಿನ್ನ ಹಾಗೆ ಗಂಟಲಿನ ನೆಪ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಇದ್ದದ್ದನ್ನೇ ಹೇಳಿದ.

"ನನ್ನ ಮಗಳನ್ನ ಹಿಂಡಿ ಮಾಡಬ್ಯಾಡಪ್ಪ. ಒಬ್ಬನ್ನ ಆಗಲೇ ಕಳಕೊಂಡೀನಿ."

ದೇವಿ ಹಾಕುವವನು ದೊಡ್ಡ ಹೊಟ್ಟೆಯ ಆಸಾಮಿ. ಅವನು ಅಂಗಿಯ ತೋಳು ಮಡಚಿ ತನ್ನ ಹಳೆಯ ಗುರುತು ತೋರಿಸಿದ.

"ಇದರಿಂದ ತೆಗೆದು ಒಂದು ಊರಿಗೇ ಹಾಕ್ಯಾರ. ಆಮ್ಯಾಲೆ ಸಿಡುಬು ಬಂದ ಮನಿಯಾಗೇ ಉಂಡೀನಿ, ಅಲ್ಲೇ ಮಲಗೀನಿ. ನೀನೇ ನೋಡು, ನಾನು ಹಿಂಡಿ ಕಂಡಂಗ ಕಾಣ್ತೀನೇನು?"

ಗಾಣಿಗ ಆ ಹೊಟ್ಟೆಯನ್ನು ನೋಡಿದ. ಬೇಡವೆಂದರೂ ನಗು ಬಂತು. ನೇಕಾರರೂ ನಕ್ಕರು. ನಗುತ್ತಲೇ ಅವನ ಕಣ್ಣು ತುಂಬಿತು. ಅವನು ಒಳಗೆ ಹೋಗಿ, ತೋಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮಗಳನ್ನು ತಾನೇ ಹೊರಗೆ ಕರೆತಂದ.

ಆಮೇಲೆ ಗಾಣದ ಅಂಗಳದಲ್ಲಿ ಹಬ್ಬವೇ ನಡೆಯಿತು. ಸೂಜಿ ಮುಟ್ಟಿದೊಡನೆ ಮಕ್ಕಳು ಮುಗಿಲು ಹರಿಯುವಂತೆ ಅತ್ತವು, ಬಾಯಿಗೆ ಬೆಲ್ಲ ಬಿದ್ದೊಡನೆ ಸುಮ್ಮನಾದವು. ಚೆನ್ನಿ ಹಿರಿಯಕ್ಕನಂತೆ ಎಲ್ಲರಿಗೂ ಬುದ್ಧಿ ಹೇಳಿದಳು. ನೇಕಾರರ ಮಕ್ಕಳ ತೋಳಿನಲ್ಲಿ ಗುಳ್ಳೆ ತುಂಬಿದಾಗ ಅದು ಅಲ್ಲಿಂದ ಮುಂದಿನ ಊರಿಗೆ ಹೋಯಿತು. ಬಾಗಿಲು ಹಾಕಿಕೊಂಡಿದ್ದ ಜನವೂ ನಾಚಿಕೊಂಡು ತಮ್ಮ ಮಕ್ಕಳನ್ನು ತಂದರು. ಆ ಬೇಸಿಗೆಯಲ್ಲಿ ಸಿಡುಬು ಆ ಸೀಮೆಯನ್ನೆಲ್ಲ ಸುತ್ತಿ ಹೋಯಿತು. ಆ ಮಕ್ಕಳಿಗೂ ಏನೂ ಆಗಲಿಲ್ಲ, ಚೆನ್ನಿಗೂ ಏನೂ ಆಗಲಿಲ್ಲ.

ಕೆಲವು ವರ್ಷ ಕಳೆದು ಗಾಣಿಗನಿಗೆ ಗಂಡುಮಗು ಹುಟ್ಟಿತು. ಸಿಡುಬು ಮತ್ತೆ ಆ ಕಡೆ ಮುಖ ಮಾಡಿತ್ತು. ಊರಿನಲ್ಲಿ ಎಲ್ಲರ ತೋಳಿನಲ್ಲಿ ಇದ್ದದ್ದು ಒಣಗಿದ ಗುರುತು, ಹುಡುಕಿದರೂ ಹನಿ ರಸ ಇರಲಿಲ್ಲ. ಗಾಣಿಗ ಹೊತ್ತುಹೊತ್ತಿಗೆ ಮಗುವಿನ ಹಣೆ ಮುಟ್ಟಿ ನೋಡತೊಡಗಿದ.

ಒಂದು ಬೆಳಿಗ್ಗೆ, ಯಾರೂ ಕಂಡಿರದ ಒಬ್ಬ ಕುರುಬರ ಹೆಂಗಸು ಗಾಣಿಗರ ಮನೆ ಯಾವುದೆಂದು ಕೇಳಿಕೊಂಡು ಬಂದಳು. ಅವಳ ಕೂಸಿನ ತೋಳಿನಲ್ಲಿ ಗುಳ್ಳೆ ತುಂಬಿ ನಿಂತಿತ್ತು. ಅಂದು ಚೆನ್ನಿಯಿಂದ ಹೊರಟ ರಸವೇ ಊರಿಂದೂರಿಗೆ ದಾಟುತ್ತಾ, ಇನ್ನೂ ಆರದೆ, ಅವಳ ಕೂಸಿನವರೆಗೆ ಬಂದಿತ್ತು. ಹಿಂದೆಯೇ, ಅವಳಿಗೆ ಈ ಮನೆ ಹೇಳಿ ಕಳಿಸಿದ್ದ ದೇವಿ ಹಾಕುವವನು ಏದುಸಿರು ಬಿಡುತ್ತಾ ಬಂದ. ಅವನ ಹೊಟ್ಟೆ ಇನ್ನೂ ಬೆಳೆದಿತ್ತು. ಗಾಣಿಗ ಸಂಭ್ರಮದಲ್ಲಿ ಮಗುವಿನ ಅಂಗಿ ಬಿಟ್ಟು ತನ್ನ ಅಂಗಿಯ ತೋಳನ್ನೇ ಮಡಚಿಕೊಂಡು ನಿಂತ. ಚೆನ್ನಿ ನಕ್ಕು ನಕ್ಕು ಸುಸ್ತಾದಳು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು.

"ಹಾಗಾದರೆ ಕಲಿಸಿದರೆ ನನಗೇನೂ ಕಡಿಮೆಯಾಗುವುದಿಲ್ಲ, ಅಲ್ಲವೇ ಗುರುಗಳೇ?"

ಗುರುಗಳು ಅವನನ್ನು ಅಕ್ಕರೆಯಿಂದ ನೋಡಿದರು.

"ಯಾರಿಗೂ ಕೊಡದ ಹಾಡನ್ನು ಮುಂದೊಂದು ದಿನ ನೀನೇ ಮರೆತರೆ, ಯಾರ ಬಾಗಿಲಿಗೆ ಹೋಗಿ ಕೇಳುತ್ತೀಯ?"