ಗಂಜಿ ಮತ್ತು ಬಾಳೆನಾರು

ಸಾಕವ್ವ ಮರಗೆಣಸಿನ ಗಂಜಿ ಕಾಯಿಸಿ ಕೈಚೀಲಕ್ಕೆ ಪ್ಲಾಸ್ಟಿಕ್ಕಿನಂಥ ಹಾಳೆ ಮಾಡುತ್ತಿದ್ದಳು. ಗಂಜಿ ಕರೆದಾಗ ಹೋಗು ಎಂದು ಹೇಳಿ, ಸಣ್ಣಗೆ ಕತ್ತರಿಸಿದ ಬಾಳೆನಾರನ್ನು ಒಲೆಯ ಪಕ್ಕದಲ್ಲಿ ಇಟ್ಟಿದ್ದಳು.

"ಗಂಜಿಯಮ್ಮ, ನೀವಿನ್ನೂ ನೀರಾಗಿದ್ದೀರಿ, ಈಗಲೇ ಬರಲೇ?" ಎಂದು ನಾರು ಕೇಳಿತು. "ನಿನ್ನೆಯ ಹಾಳೆ ನಾನಿಲ್ಲದೆ ಒಂದೇ ಕಿಲೋ ತೂಕಕ್ಕೆ ಹರಿದು ಗೊಬ್ಬರದ ಗುಂಡಿಗೆ ಹೋಯಿತು."

"ನೀನು ಬಂದರೆ ಮೈಯೆಲ್ಲ ಕಂದು ಗೆರೆ. ನಾನು ಗಾಜಿನ ಹಾಗೆ ಕಾಣಬೇಕು. ಮೊದಲು ಗಟ್ಟಿಯಾಗುತ್ತೇನೆ, ಆಮೇಲೆ ಬೇಕಿದ್ದರೆ ಕರೆಯುತ್ತೇನೆ."

"ಆಮೇಲೆ ಬಂದರೆ ಹರಡಿಕೊಳ್ಳಲು ಆಗುವುದಿಲ್ಲಮ್ಮ."

"ಬಿಸಾಡಿದ ದಿಂಡಿನಲ್ಲಿ ಹುಟ್ಟಿದವನು ನನಗೆ ಬುದ್ಧಿ ಹೇಳ್ತೀಯಾ? ಸುಮ್ಮನೆ ಕೂತಿರು."

ನಾರು ಕರೆಗಾಗಿ ಕಾಯುತ್ತಾ ಕೂತಿತು. ಗಂಜಿ ಕುದಿದು ಸೌಟಿಗೆ ಅಂಟತೊಡಗಿದಾಗ ಗಂಜಿಗೆ ನಿನ್ನೆಯ ಹಾಳೆ ನೆನಪಾಗಿ ಹೆದರಿಕೆಯಾಯಿತು. "ಬಾರೋ ತಮ್ಮ, ಬೇಗ ಬಾ!" ಎಂದು ಕೂಗಿತು. ನಾರು ಹಾರಿತು. ಗಟ್ಟಿಯಾದ ಗಂಜಿಯೊಳಗೆ ಕದಲಲು ದಾರಿಯೇ ಇರಲಿಲ್ಲ. ಬಿದ್ದಲ್ಲೇ ಉಂಡೆಯಾಯಿತು.

ಹರಡಿದ ಗಂಜಿ ಒಣಗಿ ಹಾಳೆಯಾದ ಮೇಲೆ ಸಾಕವ್ವ ಅದಕ್ಕೆ ಒಂದು ಕಿಲೋ ತೂಕದ ಕಲ್ಲು ಕಟ್ಟಿ ತೂಗುಹಾಕಿದಳು. ಉಂಡೆಯ ಪಕ್ಕದಲ್ಲೇ ಹಾಳೆ ಸೀಳತೊಡಗಿತು.

"ಹಿಡಿದುಕೋ ತಮ್ಮ!" ಎಂದು ಗಂಜಿ ಕಿರುಚಿತು.

"ನನ್ನ ಎಳೆಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡಿವೆ ಅಮ್ಮ. ನಿಮ್ಮನ್ನು ಹಿಡಿಯಲು ಒಂದೂ ಬರುತ್ತಿಲ್ಲ."

ಕಲ್ಲು ನೆಲಕ್ಕೆ ಬಿತ್ತು. ಸಾಕವ್ವ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ನಾರಿದ್ದ ಕಡೆಯೇ ಹರಿದಿದೆ," ಎಂದಳು. "ಇನ್ನು ಮೇಲೆ ನಾರು ಹಾಕೋದೇ ಬೇಡ."