ಏಣಿ ಹತ್ತದ ಗಂಟು

ಹತ್ತಿರ ಬಂದು ಕೂತುಕೊಳ್ಳಿ. ಕಾಲು ಚಾಚಿಕೊಂಡರೂ ಸರಿ, ಕಿವಿ ಮಾತ್ರ ಇತ್ತ ಇರಲಿ.

ಒಂದು ಮಠದಲ್ಲಿ ರೇವಯ್ಯ ಎಂಬ ಶಿಷ್ಯನಿದ್ದ. ಪುಡಿಯಾಗುತ್ತಿದ್ದ ಓಲೆಗರಿಗಳ ಫೋಟೊ ತೆಗೆದು ಲ್ಯಾಪ್‌ಟಾಪಿನಲ್ಲಿ ಇಡುವುದು ಅವನ ಕೆಲಸ. ಒಂದು ಸಲ ಬಿಚ್ಚಿದ ಓಲೆ ಇನ್ನೊಂದು ಸಲಕ್ಕೆ ಉಳಿಯುತ್ತಿರಲಿಲ್ಲ. ಅವನು ಗುರುಗಳನ್ನು ಕೇಳಿದ: "ಬುದ್ಧಿ, ಎರಡು ಹಾರ್ಡ್ ಡಿಸ್ಕ್ ತಂದಿದ್ದೇನೆ. ಎರಡಕ್ಕೂ ಅದೇ ಹತ್ತು ಫೋಟೊ ಬರೆಸಿ, ಕೂಡಲೇ ಓದಿಸಿ ನೋಡಿದೆ. ಒಂದು ಬರೆಯುವುದಕ್ಕೂ ಓದುವುದಕ್ಕೂ ಮಿಂಚು, ಇನ್ನೊಂದು ಬಲು ನಿಧಾನ. ಮಿಂಚನ್ನೇ ಇಟ್ಟುಕೊಳ್ಳಲೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನಾಟಿ ವೈದ್ಯನಿದ್ದ. ಅವನ ಅಟ್ಟದ ತುಂಬ ಬೇರು, ತೊಗಟೆಗಳ ಗಂಟು. ಇಡಲು, ತೆಗೆಯಲು ಒಬ್ಬರು ಬೇಕಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು. ವೈದ್ಯ ಇಬ್ಬರಿಗೂ ಹತ್ತು ಹತ್ತು ಗಂಟು ಕೊಟ್ಟು ಅಟ್ಟದಲ್ಲಿಟ್ಟು ಬನ್ನಿ ಎಂದ. ಗಂಡಸು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಇಟ್ಟೆ ಎಂದ. ಅದರಲ್ಲೊಂದು ತಾ ಎಂದರೆ ಅಷ್ಟೇ ಬೇಗ ತಂದ. ಹೆಂಗಸು ಏಣಿ ಹತ್ತಿ ಇಳಿಯುವಷ್ಟರಲ್ಲಿ ವೈದ್ಯನಿಗೆ ಎರಡು ಸಲ ಎಲೆಅಡಿಕೆ ಆಯಿತು. ಅವಳನ್ನು ಕಳಿಸಿಬಿಟ್ಟ.

ಆರು ತಿಂಗಳ ಮೇಲೆ ಒಬ್ಬ ತಾಯಿ ಉಸಿರು ಕಟ್ಟಿದ ಮಗುವನ್ನು ಎತ್ತಿಕೊಂಡು ಬಂದಳು. ವೈದ್ಯ ಬೇರಿನ ಹೆಸರು ಹೇಳಿದ. ಗಂಡಸು ಒಳಗೆ ಓಡಿದವನು ಬರಲೇ ಇಲ್ಲ. ವೈದ್ಯ ಹೋಗಿ ನೋಡಿದರೆ ಗಂಟುಗಳೆಲ್ಲ ಬಾಗಿಲ ಹಿಂದೆ ರಾಶಿ ಬಿದ್ದಿವೆ. ಹೊಸದು ಮೇಲೆ, ಹಳೆಯದು ಅಡಿಯಲ್ಲಿ ಬೂಷ್ಟು ಹಿಡಿದಿದೆ. ಮೊದಲ ದಿನದಿಂದಲೂ ಅವನ ಒಂದು ಗಂಟೂ ಏಣಿ ಹತ್ತಿರಲಿಲ್ಲ.

ಹೆಂಗಸಿಗೆ ಕೊಟ್ಟ ಹತ್ತು ಗಂಟುಗಳಲ್ಲಿ ಒಂದು ಅದೇ ಬೇರಿನದು ಎಂದು ವೈದ್ಯನಿಗೆ ನೆನಪಾಯಿತು. ಅವಳು ಎದುರು ಮನೆಯಲ್ಲೇ ಅಕ್ಕಿ ಕೇರುತ್ತಿದ್ದಳು. ಕೂಗಿ ಕೇಳಿದ.

ಅವಳು ಮೊರ ಕೆಳಗಿಡದೆ ಹೇಳಿದಳು: "ಉತ್ತರದ ತೊಲೆ, ಮೂರನೆಯ ಗಂಟು. ಬೇಗ ಹತ್ತಿ ಪಂಡಿತರೇ, ನನ್ನ ಹಾಗೆ ತಡ ಮಾಡಬೇಡಿ."

ಗಂಟು ಅಲ್ಲೇ ಇತ್ತು. ಮಗು ಉಸಿರೆಳೆಯಿತು.

ರೇವಯ್ಯ, ಹಾಗಾದರೆ ವೈದ್ಯ ಪರೀಕ್ಷೆ ಮಾಡಿದ್ದೇ ತಪ್ಪೇ ಎಂದು ಕೇಳಿದ.

ಗುರುಗಳೆಂದರು: "ಬರೆಸಿದ ಗಳಿಗೆಯಲ್ಲೇ ಓದಿಸಿದೆಯಲ್ಲ ರೇವಯ್ಯ, ನಿನ್ನ ಫೋಟೊ ಆಗ ಏಣಿ ಹತ್ತಿತ್ತೇ, ಇಲ್ಲ ಯಂತ್ರ ಆರಿಸಿದರೆ ಅಳಿಸಿಹೋಗುವ ಬಾಗಿಲ ಹಿಂದಿನ ನೆನಪಿನಲ್ಲೇ ಇತ್ತೇ?"



ಆ ಮಗು ಬೆಳೆದು ಮೊಮ್ಮಕ್ಕಳನ್ನು ಕಂಡಿತಂತೆ. ಅಟ್ಟದ ಬೀಗದ ಕೈ ಹೆಂಗಸಿನ ಸೊಂಟ ಸೇರಿತು. ವೈದ್ಯ ಕಾಯುವುದನ್ನು ಕಲಿತ. ಗಂಡಸು ಹೂವಿನಂಗಡಿ ಇಟ್ಟ. ಬಂದದ್ದು ಬಂದ ಹಾಗೇ ಹೋಗುವ ಆ ವ್ಯಾಪಾರದಲ್ಲಿ ಅವನನ್ನು ಮೀರಿಸಿದವರಿಲ್ಲ. ರೇವಯ್ಯನೋ, ಎರಡು ಡಿಸ್ಕಿಗೂ ಸಾವಿರ ಓಲೆಯ ಫೋಟೊ ತುಂಬಿಸಿ, ಲ್ಯಾಪ್‌ಟಾಪ್ ಆರಿಸಿಟ್ಟು, ಮರುದಿನ ಬೆಳಿಗ್ಗೆ ಎರಡರಿಂದಲೂ ಮೊಟ್ಟಮೊದಲ ಓಲೆಯ ಫೋಟೊ ಕೇಳಿದ.