ಎಸ್ತರಮ್ಮನ ಕಂದಕ

ಕಾಮೇನಹಳ್ಳಿಯ ದಿಣ್ಣೆಯ ಅಂಚಿನಲ್ಲಿ ಒಂದು ಉದ್ದನೆಯ ಕಂದಕವಿದೆ. ದಿಣ್ಣೆಯ ಬದಿಗೆ ಕಲ್ಲಿನ ಗೋಡೆ, ಊರಿನ ಬದಿಗೆ ಬರಿಯ ಇಳಿಜಾರು. ನೋಡಲು ಬಂದವರು ಇದು ಯಾವ ಪಾಳೆಯಗಾರನ ಕೋಟೆಯೆಂದು ಕೇಳುತ್ತಾರೆ. ಇಲ್ಲಿ ಕೋಟೆ ಇರಲಿಲ್ಲ, ಹೂದೋಟವಿತ್ತು.

ಹಿಂದೆ ಒಮ್ಮೆ ಅಮೆರಿಕದ ಪಾದ್ರಿಯೊಬ್ಬರು ಇಲ್ಲಿ ಮನೆ ಕಟ್ಟಿ, ವರ್ಷ ತುಂಬುವುದರೊಳಗೆ ಜ್ವರದಿಂದ ತೀರಿಕೊಂಡರು. ಅವರನ್ನು ಊರ ಕೆರೆಯ ಬಳಿ ಮಣ್ಣು ಮಾಡಿದ ಮೇಲೂ ಹೆಂಡತಿ ಎಸ್ತರಮ್ಮ ತಮ್ಮ ದೇಶಕ್ಕೆ ಮರಳಲಿಲ್ಲ ಎನ್ನುತ್ತಾರೆ. ಜಗಲಿಯಲ್ಲಿ ಕುಳಿತರೆ ಮುಳ್ಳುಬೇಲಿಯಾಚೆ ಊರವರ ಮಾತು ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆಗ ಅವರಿಗೆ ವರ್ಜೀನಿಯಾದ ಅಜ್ಜನ ತೋಟ ನೆನಪಾಯಿತು. ಚೌಕ ಚೌಕವಾದ ಹೂಪಾತಿ, ಅಂಚಿಗೆ ಕತ್ತರಿಸಿ ನಿಲ್ಲಿಸಿದ ಗಿಡ್ಡ ಗಿಡ, ಅದರಾಚೆ ಹುಲ್ಲುಗಾವಲು. ನಡುವೆ ಬೇಲಿಯೇ ಇಲ್ಲ. ಅಲ್ಲಿನ ಹಳೆಯ ದೊಡ್ಡ ಮನೆಗಳವರು ಬೇಲಿಯ ಬದಲು ಹಳ್ಳ ತೋಡಿ, ಅದರೊಳಗೆ ನೆಲಮಟ್ಟದವರೆಗೆ ಗೋಡೆ ಕಟ್ಟುತ್ತಿದ್ದರು. ದನ ದಾಟುವಂತಿಲ್ಲ, ಮನೆಯಿಂದ ನೋಡಿದರೆ ದೂರದವರೆಗೂ ಒಂದೇ ನೆಲ. ಎಸ್ತರಮ್ಮ ಬೇಲಿ ಕೀಳಿಸಿ ಅಂಥದೇ ಹಳ್ಳ ತೋಡಿಸಿದರು.

ಮನೆಯಿಂದ ಊರು ಕಂಡಿತು. ಊರಿನಿಂದ ಕಂಡದ್ದು ಕಂದಕ. ಕಂದಕವಿರುವುದು ಹಗೆಯನ್ನು ತಡೆಯಲೆಂದಷ್ಟೇ ಬಲ್ಲ ಜನ, ದೊರೆಸಾನಿಗೆ ತಮ್ಮ ನೆರಳೂ ಬೇಡವಾಯಿತೆಂದುಕೊಂಡು ದಿಣ್ಣೆಯ ದಾರಿಯನ್ನೇ ಬಿಟ್ಟರು. ಬೇಲಿ ತೆಗೆದ ಮೇಲೂ ಯಾರೂ ಬಾರದ್ದೇಕೆಂದು ಎಸ್ತರಮ್ಮನಿಗೆ ತಿಳಿಯಲಿಲ್ಲ.

ಒಂದು ದಿನ ಗಿರಿಯಮ್ಮನೆಂಬ ಹೆಂಗಸಿನ ಎಮ್ಮೆ ಕಂದಕಕ್ಕಿಳಿದು, ಏನು ಮಾಡಿದರೂ ಮೇಲೆ ಬಾರದೆ ನಿಂತಿತು. ಅವಳು ಅಲ್ಲಿಂದಲೇ ಕೂಗಿದಳು: "ದೊರೆಸಾನಮ್ಮ, ಯಾವ ದಂಡು ಬತ್ತೈತೆ ಅಂತ ಈ ಕಂದಕ?"

"ದಂಡಲ್ಲಮ್ಮ. ಬೇಲಿ ಇದ್ದರೆ ನೀವು ಯಾರೂ ನನಗೆ ಕಾಣುವುದಿಲ್ಲ."

"ನಮ್ಮನ್ನ ನೋಡೋಕೆ ಹಳ್ಳ ತೋಡ್ಸಿದ್ರಾ? ಕರೆದಿದ್ರೆ ಬತ್ತಿದ್ವಲ್ಲ!"

ಗಿರಿಯಮ್ಮ ಹೇಳಿದ್ದನ್ನು ಊರು ನಂಬಲಿಲ್ಲ. "ಎಮ್ಮೆ ಮೇಯಿಸಿ ಮೇಯಿಸಿ ನಿನಗೂ ಅದರ ಬುದ್ಧಿಯೇ ಬಂತು" ಎಂದು ನಕ್ಕರು. ಎಸ್ತರಮ್ಮ ತಾವೇ ಅಂಚಿಗೆ ಬಂದು ಕೆಳಗೆ ಊರ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದರು. ಗದರುತ್ತಿದ್ದಾರೆಂದು ತಿಳಿದು ಅವರು ಬೇಗ ಬೇಗ ಹೆಜ್ಜೆ ಹಾಕಿದರು.

ಆ ಮಳೆಗಾಲದಲ್ಲಿ ಎಸ್ತರಮ್ಮ ತೀರಿಕೊಂಡರು. ಹೆಣ ಎತ್ತಲು ಜನ ಬೇಕೆಂದು ಗಿರಿಯಮ್ಮ ಮನೆ ಮನೆಗೆ ಹೋಗಿ ಕರೆದಳು. ದಿಣ್ಣೆಯ ಆಚೆ ಪೇಟೆಯ ದಾರಿಗೆ ತೆರೆಯುವ ಹಿಂಬಾಗಿಲಿನಿಂದ ಒಳಬಂದ ಗಂಡಸರು ಜಗಲಿಯಲ್ಲಿ ನಿಂತು ಕೆಳಗೆ ನೋಡಿದರು. ಕಂದಕ ಎಲ್ಲೂ ಕಾಣಲಿಲ್ಲ. ಅವರವರ ಮನೆಯ ಹೊಸ್ತಿಲು ಕಂಡಿತು, ಹೊಸ್ತಿಲಲ್ಲಿ ಕುಳಿತ ಮಕ್ಕಳು ಕಂಡರು. ಗಂಡನ ಗೋರಿಯ ಪಕ್ಕಕ್ಕೆ ಒಯ್ಯಲು ಬಂದ ಹಾಗೆಯೇ ಪೇಟೆಯ ದಾರಿ ಹಿಡಿದು ಸುತ್ತಿ ಹೋಗಬಹುದಿತ್ತು. ಅವರು ಬುಟ್ಟಿ ತರಿಸಿ ಕಂದಕಕ್ಕೆ ಮಣ್ಣು ಸುರಿಯತೊಡಗಿದರು.

ಇಂದಿಗೂ ಕಂದಕ ಒಂದು ಕಡೆ ಮಾತ್ರ ತುಂಬಿ ದಾರಿಯಾಗಿದೆ. ಶವಪೆಟ್ಟಿಗೆ ಹೊತ್ತವರು ಅಕ್ಕಪಕ್ಕ ನಡೆಯುವಷ್ಟೇ ಅಗಲ. ನೋಡಲು ಬಂದವರು ದಿಣ್ಣೆ ಹತ್ತುವುದು ಅದರ ಮೇಲೆಯೇ.